ಮರಿಗೆ ಹಿಡಿದವನ ಹಕ್ಕು

ಸರಕಾರದ ನೆಲದಲ್ಲಿರುವ ಚಿನ್ನವು ಸರಕಾರದ್ದು. ಅದನ್ನು ಅರಸಹೊರಟವನು ಕಳ್ಳನು. ಈ ಮಾತನ್ನು ನಮ್ಮಲ್ಲಿ ವಿದ್ಯಾವಂತರು ಕೂಡ ವಿಚಾರಿಸದೆ ಒಪ್ಪಿಕೊಂಡಿರುವರು. ಹೊಳೆಯ ಮರಳನ್ನು ಮರಿಗೆಯಲ್ಲಿ ತೊಳೆದು ಸಾಸಿವೆಯಷ್ಟು ಬಂಗಾರವನ್ನು ಹೆಕ್ಕುವವನನ್ನೂ, ಬೆಟ್ಟವನ್ನು ಸಿಡಿಮದ್ದಿನಿಂದ ಒಡೆದು ಸಾಗಿಸುವವನನ್ನೂ ಒಂದೇ ಹಗ್ಗದಲ್ಲಿ ಕಟ್ಟಿರುವ ಕಾಯಿದೆಯು ನ್ಯಾಯವಾದುದೆಂದು ನಾವು ನಂಬಿ ಕುಳಿತಿರುವೆವು. ಆ ನಂಬಿಕೆಗೆ ಚರಿತ್ರೆಯಲ್ಲಾಗಲಿ ಯುಕ್ತಿಯಲ್ಲಾಗಲಿ ಆಧಾರವಿಲ್ಲವೆಂಬುದೇ ನನ್ನ ವಾದ.

1957ನೆಯ ಇಸವಿಯ ಗಣಿ ಮತ್ತು ಖನಿಜಗಳ ಕಾಯಿದೆಯ 4ನೆಯ ಪ್ರಕರಣವನ್ನು ತೆಗೆದು ನೋಡಿರಿ. ಪರವಾನಗಿಯಾಗಲಿ ಗುತ್ತಿಗೆಯಾಗಲಿ ಇಲ್ಲದೆ ಯಾರೂ ಖನಿಜವನ್ನು ಅರಸಕೂಡದು, ಅಗೆಯಕೂಡದು ಎಂಬುದು ಅದರ ತಾತ್ಪರ್ಯ. ಮೀರಿದವನಿಗೆ 21ನೆಯ ಪ್ರಕರಣದಂತೆ 5 ವರ್ಷಗಳವರೆಗೆ ಸೆರೆಮನೆ, ಹೆಕ್ಟೇರಿಗೆ 5 ಲಕ್ಷ ರೂಪಾಯಿಗಳವರೆಗೆ ದಂಡ. ‘ಹೆಕ್ಟೇರಿಗೆ’ ಎಂಬ ಮಾತೇ ಶಾಸನಕರ್ತರ ಕಣ್ಣೆದುರಿಗೆ ಯಾರಿದ್ದರೆಂಬುದನ್ನು ಹೇಳುವುದು. ಹಳ್ಳದಲ್ಲಿ ಮೊಣಕಾಲುದ್ದದ ನೀರಿನಲ್ಲಿ ನಿಂತವನು ಎಷ್ಟು ಹೆಕ್ಟೇರುಗಳನ್ನು ಆಕ್ರಮಿಸಿಯಾನು? 2015ರ ತಿದ್ದುಪಡಿಯಿಂದ ಗಣಿಯ ಹಕ್ಕು ಹರಾಜಿಗೆ ಬಂದಿತು. 2023ರಲ್ಲಿ ಆಳದ ಖನಿಜಗಳನ್ನು ಶೋಧಿಸಲು ಹೊಸದೊಂದು ಪರವಾನಗಿಯನ್ನು ನಿರ್ಮಿಸಿ, ಚಿನ್ನವನ್ನೂ ಅದರ ಪಟ್ಟಿಯಲ್ಲಿ ಸೇರಿಸಿ, ಅದನ್ನೂ ಹರಾಜಿಗೇ ಇಟ್ಟರು. ಬಡವನಿಗೆ ಬಾಗಿಲು ಮುಚ್ಚಿದೆಯೆಂದು ಈ ಕಾಯಿದೆಯು ಎಲ್ಲಿಯೂ ಹೇಳುವುದಿಲ್ಲ. ಬಾಗಿಲನ್ನೇ ಕೂಗಿ ಮಾರುತ್ತಿದೆ, ಅಷ್ಟೆ.

ಹಾಗಾದರೆ ಕೋಲಾರದ ಚಿನ್ನವನ್ನು ಜಗತ್ತಿಗೆ ತೋರಿಸಿದವರು ಯಾರು? 1802ರಲ್ಲಿ ಮೈಸೂರು ಸೀಮೆಯ ಎಲ್ಲೆಯನ್ನು ಅಳೆಯುತ್ತಿದ್ದ ಜಾನ್ ವಾರೆನ್ ಎಂಬ ಸೈನ್ಯಾಧಿಕಾರಿಯು ಈ ಭಾಗದಲ್ಲಿ ಚಿನ್ನವಿದೆಯೆಂಬ ಜನವಾರ್ತೆಯನ್ನು ಕೇಳಿ ಬಹುಮಾನವನ್ನು ಸಾರಿದನು. ಉರಿಗಾಂ ಗ್ರಾಮದ ಜನರು ಮಣ್ಣನ್ನು ತಂದು ಆತನೆದುರಿಗೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ವಾರೆನ್ನನು ಕಂಡುಹಿಡಿದುದು ಚಿನ್ನವನ್ನಲ್ಲ, ಚಿನ್ನವನ್ನು ಬಲ್ಲ ಜನರನ್ನು. ಅನಂತರ ಆತನ ವರದಿಯನ್ನು ಓದಿ ಎದ್ದುಹೊರಟವನು ಮೈಕೇಲ್ ಲವೆಲ್ ಎಂಬ ಐರಿಷ್ ಸಿಪಾಯಿ. ನ್ಯೂಜಿಲೆಂಡಿನ ಯುದ್ಧದಲ್ಲಿ ಸೇವೆಮಾಡಿ, ಅಲ್ಲಿಯೇ ಚಿನ್ನದ ಹುಡುಕಾಟದ ಗೀಳನ್ನು ಹಚ್ಚಿಸಿಕೊಂಡು, ಬೆಂಗಳೂರಿನ ದಂಡುಪ್ರದೇಶದಲ್ಲಿ ನೆಲೆಸಿದ್ದ ಈತನು 1871ರಲ್ಲಿ ಎತ್ತಿನ ಗಾಡಿಯಲ್ಲಿ ಕೋಲಾರಕ್ಕೆ ಹೋದನು. ಭೂಗರ್ಭಶಾಸ್ತ್ರವನ್ನು ಓದಿದವನಲ್ಲ, ಹಣವಂತನಲ್ಲ, ಶುದ್ಧ ಹವ್ಯಾಸಿ. ಸರಕಾರಕ್ಕೆ ಅರ್ಜಿಯನ್ನು ಬರೆದುದು 1873ರಲ್ಲಿ, ಹಕ್ಕು ದೊರೆತುದು 1875ರಲ್ಲಿ. ಇಂದಿನ ಕಾಯಿದೆಯು ಅಂದು ಇದ್ದಿದ್ದರೆ ಆ ಮೊದಲ ಎರಡು ವರ್ಷಗಳ ತಿರುಗಾಟಕ್ಕೇ ಲವೆಲ್ಲನನ್ನು ಸೆರೆಗೆ ಹಾಕಬಹುದಾಗಿತ್ತು! ಬಂಡವಾಳವಿಲ್ಲದೆ ಅವನು ಹಕ್ಕನ್ನು ಬಿಟ್ಟುಕೊಟ್ಟನು. 1880ರಲ್ಲಿ ಜಾನ್ ಟೇಲರ್ ಕಂಪನಿಯು ಕಾಲಿಟ್ಟಿತು. 2001ರ ಫೆಬ್ರವರಿ 28ರಂದು ಗಣಿಯು ಮುಚ್ಚುವವರೆಗೆ ಸುಮಾರು 800 ಟನ್ನು ಚಿನ್ನವು ಆ ನೆಲದಿಂದ ಹೊರಬಂದಿತು. ಉರಿಗಾಂನಲ್ಲಿ ಮಣ್ಣು ತೊಳೆದವರ ಹೆಸರುಗಳು ಯಾವ ಕಡತದಲ್ಲಿಯೂ ಉಳಿಯಲಿಲ್ಲ.

ನಮ್ಮ ಭಾಷೆಯಾದರೋ ಅವರನ್ನು ಪೂರ್ತಿಯಾಗಿ ಮರೆತಿಲ್ಲ. ‘ಜಲಗಾರ’ ಎಂದರೆ ಇಂದು ಕಸ ಗುಡಿಸುವವನೆಂದು ಮಾತ್ರ ತಿಳಿಯುವೆವು. ಮರಳನ್ನೂ ಬೂದಿಯನ್ನೂ ತೊಳೆದು ಲೋಹವನ್ನು ಬೇರ್ಪಡಿಸುವವನೆಂಬುದು ಅದರ ಇನ್ನೊಂದು ಅರ್ಥ. ಧಾರವಾಡ ಸೀಮೆಯ ಕಪ್ಪತಗುಡ್ಡದ ಸುತ್ತಲಿನ ಸೊರಟೂರು, ಡೋಣಿ ಮುಂತಾದ ಊರುಗಳ ಹಳ್ಳಗಳಲ್ಲಿ ಹತ್ತೊಂಬತ್ತನೆಯ ಶತಮಾನದವರೆಗೂ ಈ ಜನರು ಮಳೆಗಾಲದ ತರುವಾಯ ಮರಳು ತೊಳೆಯುತ್ತಿದ್ದರು. ರಾಬರ್ಟ್ ಬ್ರೂಸ್ ಫೂಟನು 1874ರಲ್ಲಿ ಡಂಬಳದ ಗುಡ್ಡಗಳ ಚಿನ್ನದ ಶಿಲೆಗಳನ್ನು ಕುರಿತು ಬರೆಯುವ ಮೊದಲೇ ಯಾವ ಹಳ್ಳದಲ್ಲಿ ಕಣವಿದೆ, ಯಾವುದರಲ್ಲಿ ಇಲ್ಲವೆಂಬುದು ಇವರಿಗೆ ತಿಳಿದಿದ್ದಿತು. ಅವರ ವಿದ್ಯೆಯು ನಮ್ಮ ಅಡಿಗೆಮನೆಗಳಲ್ಲಿ ಅಕ್ಕಿಯನ್ನು ಜಾಲಿಸುವ ವಿದ್ಯೆಯೇ: ನೀರಿನಲ್ಲಿ ಅಲುಗಿಸಿದರೆ ಹಗುರಾದುದು ತೇಲಿಹೋಗುವುದು, ಭಾರವಾದುದು ತಳದಲ್ಲಿ ನಿಲ್ಲುವುದು. ಗೃಹಿಣಿಗೆ ಬೇಕಾದುದು ತೇಲಿದ ಅಕ್ಕಿ, ಜಲಗಾರನಿಗೆ ಬೇಕಾದುದು ತಳದ ಕಣ, ಭೇದವು ಇಷ್ಟೆ.

ಇನ್ನು ಆಸ್ಟ್ರೇಲಿಯಾದ ಮಾತು. ಅಲ್ಲಿನ ವಿಕ್ಟೋರಿಯಾ ಪ್ರಾಂತದಲ್ಲಿ 1851ರಲ್ಲಿ ಚಿನ್ನವು ದೊರೆತಾಗ ಸರಕಾರವು ಹುಡುಕುವ ಪ್ರತಿಯೊಬ್ಬನ ಮೇಲೂ ತಿಂಗಳಿಗೆ 30 ಷಿಲಿಂಗು ಕಂದಾಯವನ್ನು ಹೇರಿತು. ಚಿನ್ನ ಸಿಕ್ಕಲಿ, ಬಿಡಲಿ, ಹಣವನ್ನು ಕೊಡಬೇಕು. ಪೋಲೀಸರು ಗುಂಡಿಗುಂಡಿಗೂ ಬಂದು ಚೀಟಿಯನ್ನು ಕೇಳುವರು, ಇಲ್ಲದವನನ್ನು ಎಳೆದೊಯ್ಯುವರು. ಜನರು ಸಹಿಸುವಷ್ಟು ಸಹಿಸಿ, ಬಲ್ಲಾರಟ್ ಎಂಬಲ್ಲಿ ಚೀಟಿಗಳನ್ನು ಸುಟ್ಟು, ಯುರೇಕಾ ಎಂಬ ಸ್ಥಳದಲ್ಲಿ ಬೇಲಿ ಕಟ್ಟಿಕೊಂಡು ನಿಂತರು. 1854ರ ಡಿಸೆಂಬರ್ 3ರ ಬೆಳಗಿನ ಜಾವದಲ್ಲಿ ಸೈನ್ಯವು ಮೇಲೆಬಿದ್ದಿತು. ಇಪ್ಪತ್ತಕ್ಕೂ ಹೆಚ್ಚು ಮಂದಿ ಮಡಿದರು. ರಾಜದ್ರೋಹದ ಆಪಾದನೆಗೆ ಗುರಿಯಾದ 13 ಮಂದಿಯಲ್ಲಿ ಒಬ್ಬನನ್ನೂ ಪಂಚಾಯಿತರು ಅಪರಾಧಿಯೆಂದು ಹೇಳಲಿಲ್ಲ. 1855ರಲ್ಲಿ ಆ ಕಂದಾಯವು ಹೋಗಿ ಅದರ ಸ್ಥಾನದಲ್ಲಿ ‘ಮೈನರ್ಸ್ ರೈಟ್’, ಎಂದರೆ ಗಣಿಗನ ಹಕ್ಕು, ಬಂದಿತು: ವರ್ಷಕ್ಕೆ 1 ಪೌಂಡು, ಜೊತೆಗೆ ಮತದಾನದ ಅಧಿಕಾರ. ಬೊಕ್ಕಸದ ನಷ್ಟಕ್ಕೆ ಪರಿಹಾರವಾಗಿ ಹೊರಗೆ ಸಾಗುವ ಚಿನ್ನದ ಮೇಲೆ ಸುಂಕವನ್ನು ಹಾಕಿದರು. ಹುಡುಕಾಟದ ಮೇಲಲ್ಲ, ದೊರೆತುದರ ಮೇಲೆ ತೆರಿಗೆ! ನಮ್ಮವರು ಇದೊಂದು ಭೇದವನ್ನು ಅರಿತಿದ್ದರೂ ಸಾಕಾಗಿತ್ತು.

ಆ ಹಕ್ಕು ಇಂದಿಗೂ ಜೀವಂತವಾಗಿದೆ. ಅಲ್ಪ ಶುಲ್ಕವನ್ನು ಕೊಟ್ಟ ಯಾರಿಗಾದರೂ 10 ವರ್ಷಗಳ ಅವಧಿಗೆ ಅದು ದೊರೆಯುವುದು. ಕೈಯ ಸಲಕರಣೆಗಳಿಂದ ಮಾತ್ರ ಅಗೆಯಬೇಕು. ಸಿಡಿಮದ್ದು ಕೂಡದು, ಅಗೆಯುವ ಯಂತ್ರ ಕೂಡದು. ತೋಡಿದ ಗುಂಡಿಯನ್ನು ಮುಚ್ಚಬೇಕು. ಆದಿವಾಸಿಗಳ ಪುರಾತನ ಸ್ಥಳಗಳಿಗೆ ಹಾನಿ ತಟ್ಟಕೂಡದು. ಇಷ್ಟನ್ನು ಪಾಲಿಸಿದವನಿಗೆ ಸಿಕ್ಕಿದ ಚಿನ್ನವು ಅವನದೇ. ಆ ಖಂಡದ ಹೆಸರಾಂತ ನಿಧಾನಗಳು ದೊಡ್ಡ ಕಂಪನಿಗಳಿಗೆ ಸಿಕ್ಕಿದವಲ್ಲ. 1869ರಲ್ಲಿ ಮೊಲಿಯಾಗಲ್ ಎಂಬಲ್ಲಿ ಇಬ್ಬರು ಸಾಮಾನ್ಯರ ಗುದ್ದಲಿಗೆ ಮರದ ಬೇರಿನ ಬಳಿ, ಮೇಲ್ಮಣ್ಣಿನಲ್ಲಿಯೇ, 70 ಕಿಲೋಗ್ರಾಂಗಳಿಗೂ ಮೀರಿದ ಚಿನ್ನದ ಗಟ್ಟಿಯು ತಗುಲಿತು. 1915ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಚಿನ್ನವನ್ನು ಅರಸಿ ಬರಿಗೈಯಾದ ತಂಡವೊಂದರ ಸಂಗಡ ಹೋಗಿದ್ದ 14 ವರ್ಷದ ಹುಡುಗನಿಗೆ ಓಪಲ್ ಕಲ್ಲು ದೊರೆತು ಕೂಬರ್ ಪೀಡಿ ಎಂಬ ಊರೇ ಹುಟ್ಟಿತು. (ಈ ಓಪಲ್ ಎಂಬ ಹೆಸರು ನಮ್ಮ ಸಂಸ್ಕೃತದ ‘ಉಪಲ’ದಿಂದ ಹೋದುದೆಂದು ಅನೇಕ ಪಂಡಿತರ ಮತ. ಶಬ್ದವನ್ನು ಕೊಟ್ಟ ನಾವು ಕಲ್ಲನ್ನು ಮುಟ್ಟಲು ಅಂಜುತ್ತಿರುವೆವು!) ಗಣಿಗರು ಅಗೆದು ಹೊರಗೆ ಸುರಿದ ಮಣ್ಣಿನ ಗುಡ್ಡೆಗಳನ್ನು ಕೆದಕಿ ಓಪಲ್ಲಿನ ಚೂರುಗಳನ್ನು ಆರಿಸುವುದು ಆ ಊರಿಗೆ ಬಂದ ಪ್ರವಾಸಿಗರಿಗೂ ಒಂದು ವಿನೋದ.

ಆಸ್ಟ್ರೇಲಿಯಾವು ಧರ್ಮರಾಜ್ಯವೆಂದು ನಾನು ಹೇಳುತ್ತಿಲ್ಲ. ಆ ಹಕ್ಕನ್ನು ಕೊಟ್ಟ ನೆಲವು ಆದಿವಾಸಿಗಳಿಂದ ಕಿತ್ತುಕೊಂಡ ನೆಲ. ಅದೇ 1855ರಲ್ಲಿಯೇ ಚೀನೀಯರು ಬಂದಿಳಿದರೆ ತಲೆಗೆ 10 ಪೌಂಡು ವಸೂಲುಮಾಡುವ ಶಾಸನವೂ ಆಯಿತು. ಒಳ್ಳೆಯ ಕಾಯಿದೆಯನ್ನು ಕಲಿಯುವಾಗ ಕೆಟ್ಟುದನ್ನೂ ಕಟ್ಟಿಕೊಂಡು ಬರಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ಬಾಗಿಲನ್ನು ತೆರೆದರೆ ಕಾಡುಮೇಡುಗಳೆಲ್ಲ ಹಾಳಾಗುವುವೆಂದು ಆಕ್ಷೇಪಿಸುವವರುಂಟು. ಈ ಆಕ್ಷೇಪಕ್ಕೆ ಗೌರವವನ್ನು ಸಲ್ಲಿಸಲೇಬೇಕು. ಕೂಬರ್ ಪೀಡಿಯ ಸುತ್ತ ಮುಚ್ಚದೆ ಬಿಟ್ಟ ಬಾವಿಗಳಿಗೆ ಲೆಕ್ಕವಿಲ್ಲ. ಪಾದರಸದಿಂದ ಚಿನ್ನವನ್ನು ಹಿಡಿಯುವ ಪದ್ಧತಿಯು ಅನೇಕ ದೇಶಗಳ ನದಿಗಳನ್ನು ವಿಷಮಯ ಮಾಡಿರುವುದು. ಆದರೆ ಇವು ಕೊರೆಯುವ ಯಂತ್ರದ ದೋಷ, ಪಾದರಸದ ದೋಷ, ಮರಿಗೆಯ ದೋಷವಲ್ಲ. ನಮ್ಮ ಕೋಲಾರವನ್ನೇ ನೋಡಿರಿ. ಸೈನೈಡಿನಲ್ಲಿ ತೊಳೆದ ಮಣ್ಣಿನ ಗುಡ್ಡಗಳು ಅಲ್ಲಿ ನಿಂತಿವೆ. ಗಾಳಿ ಎದ್ದಾಗ ಆ ಧೂಳನ್ನು ನುಂಗುವವರು ಗಣಿಯ ಕೂಲಿಗಾರರ ಮಕ್ಕಳು. ಅವುಗಳಲ್ಲಿ ಒಂದು ಬೊಗಸೆಯನ್ನಾದರೂ ಮರಿಗೆಯವನು ಸುರಿದುದುಂಟೆ? ಎಲ್ಲವೂ ಮುದ್ರೆಯೊತ್ತಿದ ಗುತ್ತಿಗೆಯ ಕೆಲಸ. ಅಂತಹ 13 ಗುಡ್ಡಗಳಿಂದ ಮತ್ತೆ ಚಿನ್ನವನ್ನು ತೆಗೆಯಲು 2024ರಲ್ಲಿ ರಾಜ್ಯದ ಮಂತ್ರಿಮಂಡಲವು ಒಪ್ಪಿಗೆಯಿತ್ತಿತು. ಕಪ್ಪತಗುಡ್ಡದ ಸಂಗತಿಯೂ ಹಾಗೆಯೇ. ಅದಕ್ಕಿದ್ದ ರಕ್ಷಣೆಯನ್ನು 2016ರಲ್ಲಿ ತೆಗೆದುಹಾಕಿದಾಗ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ಜನರು ಎದ್ದುನಿಂತುದು ಜಲಗಾರರ ಮೇಲಲ್ಲ, ದೊಡ್ಡ ಗಣಿಗಳ ಮೇಲೆ. 2017ರಲ್ಲಿ ರಕ್ಷಣೆಯು ಮರಳಿತು. 2019ರಲ್ಲಿ ಗುಡ್ಡವು ವನ್ಯಜೀವಿಧಾಮವಾಯಿತು. ಧಾಮದೊಳಗೆ ಯಾರೂ ಕಾಲಿಡದಿರಲಿ; ನನ್ನ ಬೇಡಿಕೆಯು ಅದರ ಹೊರಗಿನ ಹಳ್ಳಗಳಿಗೆ ಸಂಬಂಧಿಸಿದುದು.

ನಿಧಿಗಳ್ಳರಿಗೆ ಇದರಿಂದ ಅನುಕೂಲವಾಗುವುದೆಂಬ ಮಾತನ್ನೂ ಕೇಳಿರುವೆನು. ಪಾಳುಗುಡಿಗಳ ಪೀಠವನ್ನು ಕಿತ್ತು ಲಿಂಗವನ್ನು ಉರುಳಿಸುವ ಆ ನೀಚರಿಗೂ ಮರಳು ತೊಳೆಯುವವನಿಗೂ ಏನು ನಂಟು? ಹೂತಿಟ್ಟ ನಿಧಿಗೆ 1878ರಿಂದಲೂ ಬೇರೆ ಕಾಯಿದೆ ಇರುವುದು. ಅದು ಹಾಗೆಯೇ ಇರಲಿ. ಹೊಳೆಯಲ್ಲಿ ಬಂಗಾರವನ್ನು ಯಾರೂ ಹೂತಿಟ್ಟಿಲ್ಲ. ಬೊಕ್ಕಸಕ್ಕೆ ನಷ್ಟವೆಂಬ ಮಾತಿಗಂತೂ ಉತ್ತರವೇ ಬೇಡ. ದಿನವೆಲ್ಲ ತೊಳೆದರೆ ಕೂಲಿಯಷ್ಟೂ ಹುಟ್ಟದ ಕೆಲಸದಲ್ಲಿ ರಾಜಸ್ವವನ್ನು ಎಣಿಸುವವರ ಜಿಪುಣತನಕ್ಕೆ ಏನೆನ್ನೋಣ!

ನಾನು ಕೇಳುವುದು ಇಷ್ಟು. ಕೈಯ ಸಲಕರಣೆಯಿಂದ, ಯಂತ್ರವೂ ಪಾದರಸವೂ ಇಲ್ಲದೆ, ಅಭಯಾರಣ್ಯಗಳನ್ನೂ ಪ್ರಾಚೀನ ಸ್ಮಾರಕಗಳನ್ನೂ ಬಿಟ್ಟು ಉಳಿದ ಸರಕಾರಿ ನೆಲದಲ್ಲಿ ಅರಸುವವನನ್ನು 4ನೆಯ ಪ್ರಕರಣದಿಂದ ಹೊರಗಿಟ್ಟು, ಅವನಿಗೊಂದು ಹಕ್ಕುಪತ್ರವನ್ನು ಕೊಡತಕ್ಕದ್ದು. ಅದು ತಾಲ್ಲೂಕು ಕಚೇರಿಯಲ್ಲಿ, ಒಂದು ದಿನದ ಕೂಲಿಗಿಂತ ಕಡಮೆಯ ಶುಲ್ಕಕ್ಕೆ, ಓದಲು ಬಾರದವನಿಗೂ ದೊರೆಯಬೇಕು. ಝಾರ್ಖಂಡದ ಸುವರ್ಣರೇಖೆಯ ದಂಡೆಯಲ್ಲಿ, ಛತ್ತೀಸಗಢದ ಈಬ್ ನದಿಯಲ್ಲಿ, ಕೇರಳದ ನಿಲಂಬೂರಿನ ಚಾಲಿಯಾರಿನಲ್ಲಿ ತಲೆತಲಾಂತರದಿಂದ ಮರಳು ತೊಳೆಯುತ್ತ ಬಂದಿರುವ ಕುಟುಂಬಗಳಿಗೆ ಮೊದಲನೆಯ ಪತ್ರಗಳು ಸಲ್ಲಲಿ. ಡೇರೆಯನ್ನೂ ಲೋಹಶೋಧಕ ಯಂತ್ರವನ್ನೂ ಮೋಟಾರಿನಲ್ಲಿ ಹೇರಿಕೊಂಡು ಬರುವ ಪಟ್ಟಣದ ಹವ್ಯಾಸಿಗಳು ಆ ಸಾಲಿನಲ್ಲಿ ಅವರ ಹಿಂದೆ ನಿಲ್ಲಲಿ.