ಏಟಿನ ಪರವಾದ ಆರು ವಾದಗಳಿಗೆ ಉತ್ತರ

ಮಕ್ಕಳಿಗೆ ಹೊಡೆಯಬೇಡಿ, ನೆಂಟರಿಷ್ಟರ ಮುಂದೆ ಅವರ ಮರ್ಯಾದೆ ತೆಗೆಯಬೇಡಿ ಎಂದು ಯಾರಾದರೂ ಬರೆದರೆ ಸಾಕು, ಆಕ್ಷೇಪಗಳು ಸಾಲುಗಟ್ಟಿ ಬರುತ್ತವೆ. ಆಕ್ಷೇಪಿಸುವವರು ಕೆಟ್ಟ ತಂದೆತಾಯಿಗಳೇನಲ್ಲ. ಮಕ್ಕಳು ದಾರಿ ತಪ್ಪಬಾರದೆಂಬ ಕಾಳಜಿಯಿಂದಲೇ ಮಾತಾಡುತ್ತಾರೆ, ಕೆಲವು ಮಾತುಗಳಲ್ಲಿ ಹುರುಳೂ ಇದೆ. ಹಾಗಾಗಿ ಒಂದೊಂದನ್ನೇ ಎತ್ತಿಕೊಂಡು ಉತ್ತರಿಸುವುದು ನ್ಯಾಯ. ಅದಕ್ಕೂ ಮೊದಲು ನನ್ನ ನಿಲುವು ಹೇಳಿಬಿಡುತ್ತೇನೆ. ಮನೆಯ ಶಿಸ್ತು ನೆಟ್ಟಗಿದೆಯೇ ಎಂದು ತಿಳಿಯಲು ಒಂದು ಪ್ರಶ್ನೆ ಸಾಕು: ತಪ್ಪು ಮಾಡಿದ ಮಗು ಅದನ್ನು ಹೇಳಲು ನಿಮ್ಮ ಹತ್ತಿರ ಬರುತ್ತದೋ, ಮುಚ್ಚಿಡಲು ದಾರಿ ಹುಡುಕುತ್ತದೋ? ಮಕ್ಕಳ ಆತ್ಮವಿಶ್ವಾಸದ ಬಗ್ಗೆ ನಾವು ಆಡುವ ದೊಡ್ಡ ಮಾತುಗಳೆಲ್ಲ ಕೊನೆಗೆ ಬಂದು ನಿಲ್ಲುವುದು ಇಲ್ಲಿಯೇ.

1. "ನಾವೂ ಏಟು ತಿಂದೇ ಬೆಳೆದವರು. ನಮಗೇನಾಗಿದೆ?"

ಏನೂ ಆಗಿಲ್ಲದಿರಬಹುದು, ಸಂತೋಷ. ಆದರೆ ಈ ವಾದ ಮಂಡಿಸಲು ಬರುವವರು ಬೆಳೆದು ನೆಲೆ ಕಂಡವರು ಮಾತ್ರ. ಮೇಷ್ಟ್ರ ಬೆತ್ತಕ್ಕೆ ಹೆದರಿ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರು, ಅಪ್ಪನ ಹೊಡೆತ ತಾಳಲಾರದೆ ಮನೆಬಿಟ್ಟು ಹೋಗಿ ಬೊಂಬಾಯಿಯ ಹೋಟೆಲುಗಳಲ್ಲಿ ಲೋಟ ತೊಳೆದವರು ಈ ಚರ್ಚೆಯಲ್ಲಿ ಬಾಯಿ ತೆರೆಯುವುದಿಲ್ಲ. ಉಳಿದುಕೊಂಡವರನ್ನಷ್ಟೇ ಕೇಳಿ ತೀರ್ಪು ಕೊಟ್ಟರೆ ಅದು ತೀರ್ಪಾಗುವುದಿಲ್ಲ.

ಇನ್ನೊಂದು ಮಾತು. ನೀವು ನೆಟ್ಟಗೆ ಬೆಳೆದದ್ದು ಏಟಿನಿಂದಲೇ ಎಂದು ಹೇಗೆ ಗೊತ್ತು? ಅಪ್ಪ ಹೊಡೆದರೆ ಹೋಗಿ ಅವಿತುಕೊಳ್ಳಲು ಅಜ್ಜಿಯ ಸೆರಗು ಇತ್ತು. ಅತ್ತು ಮುಗಿಸುವಷ್ಟರಲ್ಲಿ ಚಿಕ್ಕಪ್ಪ ಸೈಕಲ್ ಮೇಲೆ ಕೂರಿಸಿಕೊಂಡು ಅಂಗಡಿಗೆ ಹೋಗಿ ಪೆಪ್ಪರಮೆಂಟು ಕೊಡಿಸುತ್ತಿದ್ದ. ಈಗಿನ ಎರಡು ಕೋಣೆಯ ಮನೆಗಳಲ್ಲಿ ಹೊಡೆಯುವವರೂ ಸಂತೈಸಬೇಕಾದವರೂ ಒಬ್ಬರೇ. ಮಗು ಯಾರ ಮೇಲೆ ಯಾರಿಗೆ ದೂರು ಹೇಳಬೇಕು?

ಅನುಭವ ಬೇಡ, ಅಂಕಿಅಂಶ ಕೊಡಿ ಎನ್ನುವವರಿಗೆ ಅದೂ ಇದೆ. ಅಮೆರಿಕದ ಸಂಶೋಧಕರಾದ ಎಲಿಜಬೆತ್ ಗರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ 2016ರಲ್ಲಿ 75 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಅವುಗಳಲ್ಲಿದ್ದ ಮಕ್ಕಳು 1,60,000ಕ್ಕೂ ಹೆಚ್ಚು. ಬಾಸುಂಡೆ ಬರುವ ಹೊಡೆತವನ್ನು ಬದಿಗಿಟ್ಟು, ಕೈಯಿಂದ ಕುಂಡೆಗೆ ಕೊಡುವಂಥ ಸಾಮಾನ್ಯ ಏಟನ್ನೇ ಅವರು ಪರಿಶೀಲಿಸಿದ್ದು. ಅಂಥ ಏಟು ತಿನ್ನುವ ಮಕ್ಕಳಲ್ಲಿ ಸಿಟ್ಟು, ಜಗಳಗಂಟತನ, ಮನಸ್ಸಿನ ತೊಂದರೆಗಳು ಹೆಚ್ಚು ಕಂಡವು. ನಡತೆ ಸುಧಾರಿಸಿದ್ದು ಕಾಣಲಿಲ್ಲ. "ತುಂಟ ಮಕ್ಕಳಿಗೇ ತಾನೆ ಏಟು ಹೆಚ್ಚು ಬೀಳುವುದು" ಎಂದು ಕೇಳುವವರ ಸಂಶಯ ಸರಿಯಾದದ್ದೇ. ಅದಕ್ಕೆ 2010ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನ ಉತ್ತರಿಸಿದೆ: ಮೂರು ವರ್ಷದ ಮಕ್ಕಳಲ್ಲಿ ಆಗಲೇ ಇದ್ದ ಆಕ್ರಮಣಶೀಲತೆಯನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಆ ವಯಸ್ಸಿನಲ್ಲಿ ಹೆಚ್ಚು ಏಟು ತಿಂದವರು ಐದಕ್ಕೆ ಇನ್ನಷ್ಟು ಆಕ್ರಮಣಶೀಲರಾಗಿದ್ದರು. ವ್ಯತ್ಯಾಸ ಭಾರಿಯಾದದ್ದಲ್ಲ. ಒಂದು ಏಟಿಗೆ ಮಗುವಿನ ಬಾಳು ಹಾಳಾಯಿತೆಂದು ನಾನೂ ಹೇಳುವುದಿಲ್ಲ. ಆದರೆ ನಷ್ಟ ಸಣ್ಣದಾದರೂ ಇದೆ, ಲಾಭ ಇಲ್ಲವೇ ಇಲ್ಲ ಎಂದ ಮೇಲೆ ಆ ವ್ಯವಹಾರ ಯಾಕೆ?

2. "ಹೆದರಿಕೆಯೇ ಇಲ್ಲದಿದ್ದರೆ ಶಿಸ್ತು ಎಲ್ಲಿಂದ ಬರಬೇಕು?"

ಹೆದರಿಕೆಗೆ ಶಕ್ತಿ ಇದೆ, ಒಪ್ಪಿದೆ. ಕೈ ಎತ್ತಿದ ಕೂಡಲೇ ಗಲಾಟೆ ನಿಲ್ಲುತ್ತದೆ, ಅದಕ್ಕೇ ಮರುದಿನವೂ ಕೈ ಎತ್ತುತ್ತೇವೆ. ಆದರೆ ಅದು ನಡೆಯುವುದು ಹೆದರಿಸುವವರು ಎದುರಿಗಿರುವಷ್ಟು ಹೊತ್ತು. ಅಪ್ಪನ ಬೈಕಿನ ಸದ್ದು ಕೇಳಿದೊಡನೆ ಟೀವಿ ಆರಿಸಿ ಪುಸ್ತಕ ಹಿಡಿಯುವ ಹುಡುಗ ಬೈಕಿನ ಸದ್ದು ಗುರುತಿಸುವುದರಲ್ಲಿ ನಿಪುಣನಾಗಿದ್ದಾನೆ, ಅಷ್ಟೇ. ಪ್ರೋಗ್ರೆಸ್ ಕಾರ್ಡಿಗೆ ಅಪ್ಪನ ಸಹಿಯನ್ನು ತಾನೇ ಹಾಕಲು ಕಲಿತವಳಿಗೆ ಆ ವಿದ್ಯೆ ಕಲಿಸಿದ್ದೂ ಹೆದರಿಕೆಯೇ.

ಮುಚ್ಚಿಡುವುದು ಅಂಕಪಟ್ಟಿಗೇ ನಿಂತರೆ ಚಿಂತೆಯಿರಲಿಲ್ಲ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ ಅಧ್ಯಯನವೊಂದನ್ನು ಹೊರತಂದಿತು. ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದೇವೆ ಎಂದ ಮಕ್ಕಳು ಶೇ. 53ರಷ್ಟಿದ್ದರು. ಅವರಲ್ಲಿ ಹೆಚ್ಚಿನವರು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳದಿರುವುದಕ್ಕೆ ಕಾರಣಗಳು ಹಲವು. ಆದರೆ "ನೀನ್ಯಾಕೆ ಅಲ್ಲಿಗೆ ಹೋದೆ" ಎಂದು ಮೊದಲ ಏಟು ತನಗೇ ಬೀಳುತ್ತದೆಂದು ಬಲ್ಲ ಮಗು ಬಾಯಿ ಬಿಡುವುದುಂಟೇ? ಹೆದರಿಕೆಯಿಂದ ಬಾಯಿ ಮುಚ್ಚಿಸಿದವರಿಗೆ, ಬೇಕಾದಾಗ ಅದನ್ನು ತೆರೆಸಲು ಆಗುವುದಿಲ್ಲ.

ಹಾಗಾದರೆ ಶಿಸ್ತು ಬೇಡವೇ? ಖಂಡಿತ ಬೇಕು. ಹೊಡೆಯಬೇಡಿ ಎಂದರೆ ಕೇಳಿದ್ದೆಲ್ಲ ಕೊಡಿಸಿ ಎಂದು ಅರ್ಥ ಮಾಡುವವರು ಇಲ್ಲದ ಎದುರಾಳಿಯೊಡನೆ ಕಾದಾಡುತ್ತಿದ್ದಾರೆ. ಮನಶ್ಶಾಸ್ತ್ರಜ್ಞೆ ಡಯಾನಾ ಬೌಮ್‌ರಿಂಡ್ 1960ರ ದಶಕದಲ್ಲೇ ಪೋಷಕರಲ್ಲಿ ಮೂರು ಬಗೆ ಗುರುತಿಸಿದರು: ಬರೀ ಅಪ್ಪಣೆ ಕೊಡುವವರು, ಲಂಗುಲಗಾಮಿಲ್ಲದೆ ಬಿಡುವವರು, ಪ್ರೀತಿಯ ಜೊತೆಗೆ ಕಟ್ಟುನಿಟ್ಟನ್ನೂ ಇಟ್ಟುಕೊಂಡವರು. ಸ್ವಂತ ಬುದ್ಧಿ, ಸಂಯಮ ಎರಡೂ ಹೆಚ್ಚು ಕಂಡದ್ದು ಮೂರನೆಯವರ ಮಕ್ಕಳಲ್ಲಿ. ಅಪರೂಪಕ್ಕೆ ಕೊಡುವ ಹಗುರ ಏಟು ಹಾನಿಕರವೆಂದು ಸಾಬೀತಾಗಿಲ್ಲ ಎಂದೂ ಆಕೆ ವಾದಿಸಿದ್ದರು. ಎದುರಾಳಿಗಳು ಅದನ್ನು ಧಾರಾಳವಾಗಿ ಬಳಸಿಕೊಳ್ಳಲಿ. ಹಾನಿ ಸಾಬೀತಾಗಿಲ್ಲ ಎಂದರೆ ಉಪಯೋಗ ಸಾಬೀತಾಗಿದೆ ಎಂದಾಗುವುದಿಲ್ಲ.

ಕಟ್ಟುನಿಟ್ಟು ಹೇಗಿರಬೇಕು? ರಾತ್ರಿ ಎಂಟಕ್ಕೆ ಮೊಬೈಲು ಕಪಾಟಿಗೆ ಎಂದು ಸಂಜೆಯೇ ಹೇಳಿ. ಎಂಟಕ್ಕೆ ಎತ್ತಿಡಿ, ನಿಮ್ಮದನ್ನೂ ಇಡಿ. ಅತ್ತರೆ ಅಳಲಿ. ಅತ್ತದ್ದಕ್ಕೆ ಬೈಯಬೇಡಿ, ಅತ್ತಿತೆಂದು ಮೊಬೈಲು ಕೊಡಲೂಬೇಡಿ. ನಾಳೆಯೂ ಇದನ್ನೇ ಮಾಡಿ. ಕೈ ಎತ್ತುವುದಕ್ಕಿಂತ ಇದು ಕಷ್ಟದ ಕೆಲಸ, ಕಠಿಣ ಪೋಷಕರೆಂದು ಎದೆ ತಟ್ಟಿಕೊಳ್ಳುವವರು ಮಾಡಿ ನೋಡಲಿ.

3. "ಇದೆಲ್ಲ ಪಾಶ್ಚಾತ್ಯರಿಂದ ಕಲಿತ ಶೋಕಿ"

ಐದು ವರ್ಷ ಮುದ್ದಿಸಿ, ಹತ್ತು ವರ್ಷ ದಂಡಿಸಿ, ಹದಿನಾರಾದ ಮಗನನ್ನು ಮಿತ್ರನಂತೆ ಕಾಣಬೇಕೆಂಬ ಸುಭಾಷಿತವನ್ನು ಈ ಗುಂಪಿನವರು ತಪ್ಪದೆ ತರುತ್ತಾರೆ. ನಡುವಿನ ಹತ್ತು ವರ್ಷವನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ, ಕೊನೆಯ ಭಾಗ ಮರೆತುಹೋಗಿರುತ್ತದೆ. ಹತ್ತು ವರ್ಷ ಹೊಡೆದವರ ಪಕ್ಕ ಹದಿನಾರಕ್ಕೆ ಯಾವ ಮಗ ಗೆಳೆಯನಂತೆ ಬಂದು ಕೂತಾನು?

ಪರಂಪರೆಯಲ್ಲಿ ಬೇರೆ ದನಿಗಳೂ ಇವೆ. ಭಾಗವತದ ದಶಮ ಸ್ಕಂಧದಲ್ಲಿ ಮೊಸರಿನ ಗಡಿಗೆ ಒಡೆದ ಕೃಷ್ಣನ ಹಿಂದೆ ಯಶೋದೆ ಕೋಲು ಹಿಡಿದು ಓಡುತ್ತಾಳೆ. ಹಿಡಿದ ಮೇಲೆ ಹೊಡೆಯುತ್ತಾಳೆಯೇ? ಮಗು ಹೆದರಿದ್ದು ಕಂಡು ಕೋಲು ಬಿಸಾಡುತ್ತಾಳೆ. ಹಾಗೆಂದು ಸುಮ್ಮನೆ ಬಿಡುವುದೂ ಇಲ್ಲ, ಒರಳಿಗೆ ಕಟ್ಟುತ್ತಾಳೆ. ಮಕ್ಕಳನ್ನು ಕಟ್ಟಿಹಾಕಿ ಎಂದು ನಾನು ಹೇಳುತ್ತಿಲ್ಲ. ಹೆದರಿದ ಮಗುವಿನ ಮುಂದೆ ಕೋಲು ಕೆಳಗಿಡುವುದು ಈ ನೆಲಕ್ಕೆ ಹೊಸದಲ್ಲ ಎನ್ನುತ್ತಿದ್ದೇನೆ.

ಇತ್ತೀಚಿನದು ಬೇಕೆಂದರೆ ಗುಜರಾತಿನ ಭಾವನಗರಕ್ಕೆ ಹೋಗಬಹುದು. ವಕೀಲಿ ಬಿಟ್ಟ ಗಿಜುಭಾಯಿ ಬಧೇಕಾ 1920ರಲ್ಲೇ ಅಲ್ಲಿ ಬಾಲಮಂದಿರ ತೆರೆದು, ಏಟಿಲ್ಲದೆ, ಕಥೆ ಹಾಡು ಆಟಗಳಿಂದ ಕಲಿಸಿ ತೋರಿಸಿದರು. ಅವರು ಇಟಲಿಯ ಶಿಕ್ಷಣತಜ್ಞೆ ಮಾಂಟೆಸ್ಸರಿಯನ್ನು ಓದಿಕೊಂಡಿದ್ದರು, ನಿಜ. ಆದರೆ ಹೇಳಿದ ಕಥೆಗಳು ಕಾಠಿಯಾವಾಡದವು, ಮಕ್ಕಳು ಅವರನ್ನು ಕರೆದದ್ದು "ಮೀಸೆಯ ಅಮ್ಮ" ಎಂದು.

ಇನ್ನು ಪಶ್ಚಿಮದಿಂದ ಬಂದದ್ದೇನು ನೋಡಿ. 1860ರಲ್ಲಿ ಇಂಗ್ಲೆಂಡಿನ ಈಸ್ಟ್‌ಬರ್ನ್‌ನಲ್ಲಿ ಥಾಮಸ್ ಹಾಪ್ಲಿ ಎಂಬ ಉಪಾಧ್ಯಾಯ ಹುಡುಗನೊಬ್ಬನನ್ನು ಹೊಡೆದು ಕೊಂದ. ನ್ಯಾಯಾಲಯ ಅವನನ್ನು ಶಿಕ್ಷಿಸಿತು, ಜೊತೆಗೇ ತಂದೆಯೂ ಗುರುವೂ ಮಿತವಾಗಿ ದಂಡಿಸಬಹುದೆಂಬ ತತ್ವವನ್ನೂ ಎತ್ತಿಹಿಡಿಯಿತು. ಅದೇ ವರ್ಷ ಬ್ರಿಟಿಷರು ನಮಗೆ ಕೊಟ್ಟ ದಂಡ ಸಂಹಿತೆಯ 89ನೇ ಕಲಮು, ಹನ್ನೆರಡರೊಳಗಿನ ಮಗುವಿನ ಹಿತಕ್ಕಾಗಿ ಪೋಷಕರು ಸದುದ್ದೇಶದಿಂದ ಮಾಡಿದ್ದಕ್ಕೆ ರಕ್ಷಣೆ ನೀಡಿತು. ಹೊಡೆದವರು ಕೋರ್ಟಿನಲ್ಲಿ ಅದರ ಆಸರೆ ಹಿಡಿದರು. ಪರದೇಶದ್ದನ್ನು ಹಿಂದಿರುಗಿಸುವುದಾದರೆ ಅದರಿಂದಲೇ ಶುರುಮಾಡೋಣ.

4. "ಮೆತ್ತಗೆ ಬೆಳೆಸಿ, ಹೊಗಳಿ ಅಟ್ಟಕ್ಕೇರಿಸಿದರೆ ಹೊರಗಿನ ಪ್ರಪಂಚ ತಡೆದುಕೊಳ್ಳುತ್ತಾರೆಯೇ?"

ಈ ಆಕ್ಷೇಪದ ಅರ್ಧವನ್ನು ನಾನು ಪೂರ್ತಿ ಒಪ್ಪುತ್ತೇನೆ. ಮುಟ್ಟಿದ್ದಕ್ಕೆಲ್ಲ "ನನ್ನ ಮಗಳು ಜೀನಿಯಸ್" ಎನ್ನುವುದು ಪ್ರೋತ್ಸಾಹವಲ್ಲ. 1998ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಮನಶ್ಶಾಸ್ತ್ರಜ್ಞೆಯರಾದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರೊಲ್ ಡ್ವೆಕ್ ಐದನೇ ತರಗತಿಯ ಮಕ್ಕಳಿಗೆ ಕೆಲವು ಒಗಟುಗಳನ್ನು ಕೊಟ್ಟರು. ಮುಗಿದ ಮೇಲೆ ಕೆಲವರಿಗೆ ನೀನು ಬುದ್ಧಿವಂತ ಎಂದರು, ಕೆಲವರಿಗೆ ಚೆನ್ನಾಗಿ ಶ್ರಮಪಟ್ಟೆ ಎಂದರು. ಬುದ್ಧಿವಂತ ಎನಿಸಿಕೊಂಡವರಲ್ಲಿ ಹೆಚ್ಚಿನವರು ಮುಂದೆ ಸುಲಭದ್ದನ್ನೇ ಆರಿಸಿಕೊಂಡರು, ಕಷ್ಟದ ಒಗಟು ಬಂದಾಗ ಬೇಗ ಸೋತು ಕೂತರು. ತಮಗೆ ಬಂದ ಅಂಕವನ್ನು ಹೆಚ್ಚಿಸಿ ಹೇಳಿದವರೂ ಆ ಗುಂಪಿನಲ್ಲೇ ಹೆಚ್ಚು. ಏಟಿನಂತೆ ಅತಿಯಾದ ಹೊಗಳಿಕೆಯೂ ಮಗುವಿಗೆ ಮುಚ್ಚಿಡುವುದನ್ನು ಕಲಿಸುತ್ತದೆ.

ಇನ್ನರ್ಧವನ್ನು ಒಪ್ಪಲಾರೆ. ಹೊಗಳಿಕೆ ಕೆಟ್ಟದ್ದೆಂದು ಬೈಗುಳ ಒಳ್ಳೆಯದಾಗುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ ಪಕ್ಕದ ಮನೆಯವಳಿಗೆ ಎಷ್ಟು ಬಂತು ಎಂಬ ಹೋಲಿಕೆಯಿಂದ ಛಲ ಹುಟ್ಟುವುದಾದರೆ ಬರೀ ಆ ಹುಡುಗಿಯ ಮೇಲಿನ ದ್ವೇಷ ಯಾಕೆ ಹುಟ್ಟುತ್ತದೆ? ಮಗುವನ್ನು ಗಟ್ಟಿ ಮಾಡುವುದು ಕೆಲಸ ಮತ್ತು ಹೊಣೆ. ಏಳು ವರ್ಷದವಳು ಹಾಲು ಚೆಲ್ಲಿದರೆ ಒರೆಸುವ ಬಟ್ಟೆ ಕೊಡಿ. ಹತ್ತು ವರ್ಷದವನು ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರಲಿ, ಎರಡು ರೂಪಾಯಿ ಕಡಿಮೆ ತಂದರೆ ತಾನೇ ವಾಪಸು ಹೋಗಿ ಕೇಳಲಿ. ಪಂದ್ಯ ಸೋತು ಬಂದರೆ "ಇರಲಿ ಬಿಡು" ಎಂದು ತೇಲಿಸಬೇಡಿ, "ಬೇಜಾರಾಯ್ತಾ" ಎಂದು ಕೇಳಿ ಸುಮ್ಮನೆ ಪಕ್ಕದಲ್ಲಿ ಕೂರಿ. ಹೊರಗಿನ ಪ್ರಪಂಚ ಹೊಡೆಯುತ್ತದೆ ಎಂಬ ಕಾರಣಕ್ಕೆ ನಾವು ಮನೆಯಲ್ಲೇ ಹೊಡೆದು ಅಭ್ಯಾಸ ಮಾಡಿಸುವುದು, ಮುಂದೆ ಜ್ವರ ಬರಬಹುದೆಂದು ಮಗುವನ್ನು ಈಗಲೇ ಮಳೆಯಲ್ಲಿ ನಿಲ್ಲಿಸಿದ ಹಾಗೆ.

5. "ಅಪ್ಪ ಅಮ್ಮನನ್ನು ಜೈಲಿಗೆ ಕಳಿಸುತ್ತೀರಾ?"

ಇಲ್ಲ. ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ನಿಷೇಧಿಸಿದೆ. ಮನೆಯೊಳಗಿನ ಏಟಿಗೆ ನಮ್ಮಲ್ಲಿ ಅಂಥ ಪೂರ್ಣ ನಿಷೇಧವಿಲ್ಲ. ಬಂದರೂ ಅದು ಹೇಗಿರಬಹುದೆಂದು ತಿಳಿಯಲು ಸ್ವೀಡನ್ ಇದೆ. 1979ರಲ್ಲಿ ಜಗತ್ತಿನಲ್ಲೇ ಮೊದಲು ಮನೆಯ ಏಟನ್ನೂ ನಿಷೇಧಿಸಿದ ಆ ಕಾಯ್ದೆಯಲ್ಲಿ ಪ್ರತ್ಯೇಕ ಶಿಕ್ಷೆಯೇ ಇರಲಿಲ್ಲ. ಸರ್ಕಾರ ಪೊಲೀಸರನ್ನು ಕಳಿಸುವ ಬದಲು ಹಾಲಿನ ಡಬ್ಬಿಗಳ ಮೇಲೆ ತಿಳಿವಳಿಕೆಯ ಮಾತು ಅಚ್ಚು ಹಾಕಿಸಿತು, ಬೆಳಗಿನ ಊಟದ ಮೇಜಿನಲ್ಲಿ ದೊಡ್ಡವರೂ ಮಕ್ಕಳೂ ಒಟ್ಟಿಗೆ ಓದಲೆಂದು. ನಮ್ಮ ಪಕ್ಕದ ನೇಪಾಳವೂ 2018ರಲ್ಲಿ ಮನೆಯ ಏಟನ್ನು ನಿಷೇಧಿಸಿದೆ. ಅಲ್ಲಿ ಕುಟುಂಬಗಳು ಕುಸಿದುಬಿದ್ದಿಲ್ಲ.

6. "ಇದು ಉಳ್ಳವರ ಉಪದೇಶ. ದುಡಿಯುವವರಿಗೆ ಪುರುಸೊತ್ತೆಲ್ಲಿ?"

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇದು. ಬೆಂಗಳೂರಿನ ಪೀಣ್ಯದ ಗಾರ್ಮೆಂಟ್ಸಿನಲ್ಲಿ ದಿನವಿಡೀ ಟಾರ್ಗೆಟ್ಟಿನ ಬೆನ್ನುಹತ್ತಿ, ಬಸ್ಸಿನಲ್ಲಿ ನಿಂತು ಬಂದು, ಸಾರಿಗಿಟ್ಟ ತಾಯಿಯ ಸೆರಗು ಹಿಡಿದು ಮಗು ರಚ್ಚೆ ಹಿಡಿದರೆ ಕೈ ಏಳುತ್ತದೆ. ಆಕೆಗೆ ಮಕ್ಕಳ ಮನಶ್ಶಾಸ್ತ್ರ ಬೋಧಿಸಲು ಹೋಗುವವರ ಬಗ್ಗೆ ನನಗೂ ಗೌರವವಿಲ್ಲ.

ಆದರೆ ಈ ಮಾತು ಏನನ್ನು ಒಪ್ಪಿಕೊಂಡಂತಾಯಿತು ಗಮನಿಸಿ. ಆ ಏಟು ಶಿಸ್ತಿಗಾಗಿ ಬಿದ್ದದ್ದಲ್ಲ, ದಣಿವಿನಿಂದ ಬಿದ್ದದ್ದು. ದಣಿವಿಗೆ ಪರಿಹಾರ ಮಗುವಿನ ಬೆನ್ನಿನಲ್ಲಿಲ್ಲ. 2017ರ ತಿದ್ದುಪಡಿಯಾದ ಮೇಲೆ ಹೆರಿಗೆ ಸೌಲಭ್ಯ ಕಾಯ್ದೆ 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಲೇಬೇಕು ಎಂದಿತು. ಉದ್ಯೋಗ ಖಾತ್ರಿ ಯೋಜನೆಯಾದ ನರೇಗಾದ ಕೂಲಿ ತಾಯಂದಿರ ಮಕ್ಕಳಿಗಾಗಿ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ಎಂಬ ಯೋಜನೆ ಬಂತು. ದುಡಿಯುವವರ ಪರವಾಗಿ ವಾದಿಸುವವರು ಇವು ಬಾಗಿಲು ತೆರೆದಿವೆಯೇ, ಆಯಾ ಇದ್ದಾಳೆಯೇ ಎಂದು ಕೇಳಲಿ. ಮನೆಯಲ್ಲೇ ಇರುವ ಗಂಡ ಆ ಸಂಜೆ ಎಲ್ಲಿ ಕೂತಿದ್ದ ಎಂದೂ ಕೇಳಲಿ. ಮಗುವನ್ನು ಬೆಳೆಸುವ ಚರ್ಚೆಯೆಲ್ಲ ತಾಯಿಯ ತಲೆಗೇ ಬಂದು ಕೂರುವುದು ಯಾವ ನ್ಯಾಯ?

ಪುರುಸೊತ್ತಿಲ್ಲದೆಯೂ ಆಗುವ ಕೆಲವು ಕೆಲಸಗಳಿವೆ. ಒಲೆಯ ಹತ್ತಿರ ಹೋದ ಕೂಸನ್ನು ಹೊಡೆಯುವಷ್ಟೇ ಹೊತ್ತಿನಲ್ಲಿ ಎತ್ತಿ ದೂರ ಕೂರಿಸಬಹುದು. ಸಿಟ್ಟು ನೆತ್ತಿಗೇರಿದರೆ "ಅಮ್ಮಂಗೆ ಸಿಟ್ಟು ಬಂದಿದೆ, ಆಮೇಲೆ ಮಾತಾಡ್ತೀನಿ" ಎಂದು ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಳ್ಳಬಹುದು. ಕೈ ಎದ್ದೇಬಿಟ್ಟಿತೆಂದರೆ ಮಲಗುವ ಮುಂಚೆ "ಹೊಡೆದದ್ದು ತಪ್ಪಾಯ್ತು ಪುಟ್ಟ" ಎನ್ನಲು ಹಣವೂ ಬೇಡ, ಹೊತ್ತೂ ಬೇಡ. ದೊಡ್ಡವರು ತಪ್ಪೊಪ್ಪಿಕೊಂಡರೆ ಸದರವಾಗುತ್ತದೆಂಬ ಅಂಜಿಕೆ ಕೆಲವರಿಗೆ. ತಪ್ಪು ಒಪ್ಪಿಕೊಳ್ಳುವುದನ್ನು ಕಣ್ಣಾರೆ ನೋಡದ ಮಗು ಅದನ್ನು ಬೇರೆ ಎಲ್ಲಿ ಕಲಿಯಬೇಕು?

ಆರೂ ವಾದಗಳಿಗೆ ನನ್ನ ಉತ್ತರ ಇಷ್ಟು. ಒಪ್ಪದವರು ನನ್ನ ಮಾತನ್ನಾಗಲಿ ಸಂಶೋಧಕರ ಮಾತನ್ನಾಗಲಿ ನಂಬಬೇಕಿಲ್ಲ, ತಮ್ಮ ಮನೆಯ ಲೆಕ್ಕವನ್ನೇ ತೆಗೆಯಲಿ. ಮಗು ಕೊನೆಯ ಸಲ ಏನಾದರೂ ಒಡೆದಾಗ, ಕಳೆದಾಗ, ಪರೀಕ್ಷೆಯಲ್ಲಿ ನಪಾಸಾದಾಗ ಸುದ್ದಿ ನಿಮಗೆ ಮುಟ್ಟಿಸಿದ್ದು ಯಾರು? ಮಗುವೇ ಬಂದು ಹೇಳಿದ್ದರೆ ನಿಮ್ಮ ದಾರಿ ಸರಿಯಿದೆ, ನನ್ನೊಡನೆ ವಾದಿಸುವ ಅಗತ್ಯವಿಲ್ಲ. ಮೇಷ್ಟ್ರೋ ಪಕ್ಕದ ಮನೆಯವರೋ ಹೇಳಿದ್ದರೆ, ನಿಮ್ಮ ಏಟು ಇಷ್ಟು ದಿನ ಏನನ್ನು ಕಲಿಸಿತೆಂದು ನೀವೇ ತೀರ್ಮಾನಿಸಿ.