ಗ್ಯಾಸ್ ಟಾರ್ಚ್ ತಗೊಳ್ಳೋರು ಮೊದಲು ಪೈಪು ನೋಡಿ

ಹೋದ ವಾರ ರೋಟವೇಟರ್ ಬ್ಲೇಡ್ ಬದಲಾಯಿಸೋಕೆ ಕೂತೆ. ಒಂದು ನಟ್ಟು ತುಕ್ಕು ಹಿಡಿದು, ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದರೂ ಅಲ್ಲಾಡಲಿಲ್ಲ. ಟಾರ್ಚ್ ಹಚ್ಚಿ ನಟ್ಟಿನ ಸುತ್ತ ಎರಡು ಮೂರು ನಿಮಿಷ ಉರಿ ಹಿಡಿದೆ. ಸಲೀಸಾಗಿ ಬಂತು. ನೋಡ್ತಾ ನಿಂತಿದ್ದ ಪಕ್ಕದ ತೋಟದವರು "ಎಷ್ಟಾಯ್ತಣ್ಣ ಇದಕ್ಕೆ?" ಅಂದರು. ಆಮೇಲೆ ಇನ್ನಿಬ್ಬರು ಫೋನ್ ಮಾಡಿದರು. ಅದಕ್ಕೇ ಬರೀತಿದೀನಿ.

ನಮ್ಮೂರಲ್ಲಿ ಮೊದಲು ಕುಲುಮೆ ಇತ್ತು. ಆಚಾರ್ರ ಮಕ್ಕಳು ಬೆಂಗಳೂರು ಸೇರಿದ ಮೇಲೆ ಅದು ಮುಚ್ಚಿತು. ಈಗ ಒಂದು ನಟ್ಟು ಬಿಚ್ಚಬೇಕು ಅಂದ್ರೂ ಟೌನಿನ ವೆಲ್ಡಿಂಗ್ ಶಾಪಿಗೆ ಹೋಗಬೇಕು, ಅರ್ಧ ದಿನ ಹಾಳು. ಹಾಗಾಗಿ ಮನೇಲೊಂದು ಟಾರ್ಚ್ ಇರಲಿ ಅನ್ನೋದು ಸರಿಯೇ. ಆದರೆ ಕಡಿಮೆ ದುಡ್ಡಿನದು ಅಂದ್ರೆ ಯಾವುದು ಅನ್ನೋದರಲ್ಲೇ ನಾವು ಎಡವೋದು.

ನಾನೂ ಎಡವಿದೀನಿ. ಮೊದಲು ತಂದಿದ್ದು ಸಣ್ಣ ಬ್ಯೂಟೇನ್ ಡಬ್ಬಿ ಮೇಲೆ ಸಿಕ್ಕಿಸೋ ಟಾರ್ಚು. ಅಗ್ಗ, ಹಗುರ, ಬಟನ್ ಒತ್ತಿದ್ರೆ ಉರಿ. ಒಂದಿನ ನೇಗಿಲ ಅಡಿಯ ಬೋಲ್ಟಿಗೆ ಉರಿ ತಾಗಲಿ ಅಂತ ಡಬ್ಬಿಯನ್ನ ತಲೆಕೆಳಗಾಗಿ ಬಗ್ಗಿಸಿದೆ. ಒಳಗಿದ್ದ ಗ್ಯಾಸು ದ್ರವವಾಗೇ ಹೊರಗೆ ಬಂದು ಭಗ್ಗಂತ ಮೊಳದುದ್ದ ಉರಿ ಎದ್ದಿತು. ನಾಲ್ಕು ಅಡಿ ದೂರದಲ್ಲಿ ತೆಂಗಿನ ಮಟ್ಟೆ ರಾಶಿ. ಮುಂಗೈ ಕೂದಲು ಸುಟ್ಟಿದ್ದಷ್ಟೇ ನನ್ನ ಪುಣ್ಯ. ಆ ಟಾರ್ಚು ಕೆಟ್ಟದ್ದು ಅಂತಲ್ಲ. ಡಬ್ಬಿ ನೆಟ್ಟಗೆ ಹಿಡಿದು ವೈರ್ ಬೆಸುಗೆ, ಸಣ್ಣ ನಟ್ಟು, ಇಂಥದ್ದಕ್ಕೆ ಸಾಕು. ದಪ್ಪ ಕಬ್ಬಿಣಕ್ಕೆ ಆಗಲ್ಲ. ಜಾಸ್ತಿ ಹೊತ್ತು ಉರಿಸಿದರೆ ಡಬ್ಬಿ ತಣ್ಣಗಾಗಿ ಉರಿಯೂ ಕುಗ್ಗುತ್ತೆ.

ಈಗ ಇರೋದು ಪೈಪಿನ ಮೂಲಕ ಸಿಲಿಂಡರಿಗೆ ಜೋಡಿಸೋ ಎಲ್‌ಪಿಜಿ ಟಾರ್ಚು. ಟಾರ್ಚಿಗೆ 650, ಹೈ ಪ್ರೆಷರ್ ರೆಗ್ಯುಲೇಟರಿಗೆ 450, ಮೂರು ಮೀಟರ್ ಪೈಪಿಗೆ 400. ಒಟ್ಟು 1,500 ರೂಪಾಯಿ. ಗ್ಯಾಸಿಗೆ 5 ಕೆಜಿಯ ಸಣ್ಣ ಸಿಲಿಂಡರ್ ಬೇರೆ. ಅಡುಗೆ ಮನೆಯ 14.2 ಕೆಜಿ ಸಿಲಿಂಡರನ್ನ ಶೆಡ್ಡಿಗೆ ಎಳ್ಕೊಂಡು ಬರಬೇಡಿ. ಅದು ಇರೋದು ಅಡುಗೆಗೆ. ಒಲೆಯ ರೆಗ್ಯುಲೇಟರ್ ಕೊಡೋ ಒತ್ತಡವೂ ಟಾರ್ಚಿಗೆ ಸಾಲಲ್ಲ.

ನನ್ನ ಅಭಿಪ್ರಾಯ ಇಷ್ಟೇ: ದುಡ್ಡನ್ನ ಉರಿ ಬರೋ ತುದಿಗಲ್ಲ, ಗ್ಯಾಸ್ ಬರೋ ದಾರಿಗೆ ಹಾಕಿ. ಟಾರ್ಚಿನ ತಲೆ ಅನ್ನೋದು ಒಂದು ಹಿತ್ತಾಳೆ ತೂತು, ಒಂದು ಕೊಳವೆ, ಗಾಳಿ ಎಳ್ಕೊಳ್ಳೋಕೆ ನಾಲ್ಕು ಕಿಂಡಿ. ಸಾಧಾರಣದ್ದೂ ಕೆಲಸ ಮಾಡುತ್ತೆ. ಆದರೆ ಸ್ಪ್ರೇಯರಿಂದ ಬಿಚ್ಚಿದ ಹಳೇ ಪೈಪನ್ನ ತಂತಿ ಸುತ್ತಿ ಸಿಕ್ಕಿಸೋದನ್ನ ನಾನೇ ಎರಡು ಕಡೆ ನೋಡಿದೀನಿ. ಬೇಡ. ಎಲ್‌ಪಿಜಿಗೆ ಅಂತಲೇ ಇರೋ, ಐಎಸ್ 9573 ಅಂತ ಅಚ್ಚಾಗಿರೋ ಪೈಪನ್ನ, ಹೈ ಪ್ರೆಷರಿಗೆ ಬೇಕು ಅಂತ ಹೇಳಿಯೇ ತಗೊಳ್ಳಿ. ಎರಡೂ ತುದಿಗೆ ಕ್ಲಿಪ್ಪು ಬಿಗಿಸಿ, ಸೋಪು ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಿ. ರೆಗ್ಯುಲೇಟರ್ ಸಿಲಿಂಡರ್ ಬಾಯಿಗೆ ಕೂರುತ್ತಾ ಅಂತಲೂ ಅಂಗಡೀಲೇ ಕೇಳಿ.

ಇನ್ನು ಎಲ್ಲಿ ಹಚ್ಚಬಾರದು ಅನ್ನೋದು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ಕೂತಿರುತ್ತೆ. ನಮ್ಮಲ್ಲಿ ಎಷ್ಟೋ ಪಂಪ್ ಹೌಸುಗಳು ಇರೋದೇ ಗುಂಡಿಯಲ್ಲಿ. ಅದರೊಳಗೆ ಸಿಲಿಂಡರ್ ಇಳಿಸಲೇಬೇಡಿ, ಕಾಸಬೇಕಾದ್ದನ್ನ ಬಿಚ್ಚಿ ಮೇಲೆ ತನ್ನಿ. ಗಾಳಿ ತುಂಬಿದ ಟೈರು ಇರುವಾಗ ವೀಲ್ ನಟ್ಟು, ಡಿಸ್ಕು ಕಾಸಬೇಡಿ. ಟೈರು ಸಿಡಿದರೆ ಆಳು ಉಳಿಯಲ್ಲ. ಖಾಲಿ ಡೀಸೆಲ್ ಡ್ರಮ್ಮು, ಔಷಧಿ ಕ್ಯಾನು ಹತ್ತಿರಕ್ಕೂ ಬೇಡ, ಒಳಗೆ ಆವಿ ಉಳಿದಿರುತ್ತೆ. ಜಿಐ ಪೈಪು ಕಾಸಿದಾಗ ಬರೋ ಬಿಳಿ ಹೊಗೆ ಕುಡಿದರೆ ರಾತ್ರಿಗೆ ಚಳಿಜ್ವರ ಗ್ಯಾರಂಟಿ. ಕುಡುಗೋಲು, ಮಚ್ಚಿನ ಬಾಯಿಗೆ ಉರಿ ಕೊಟ್ಟರೆ ಹದ ಹೋಗುತ್ತೆ, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲಲ್ಲ.

ಕಬ್ಬಿಣ ಕಟ್ ಮಾಡೋಕೆ ಆಗುತ್ತಾ ಅಂತ ಒಬ್ಬರು ಕೇಳಿದರು. ಆಗಲ್ಲ. ಅದಕ್ಕೆ ಆಕ್ಸಿಜನ್ ಬೇಕು, ಅದು ವೆಲ್ಡಿಂಗ್ ಶಾಪಿನವರ ಕೆಲಸ, ಅವರಿಗೇ ಬಿಡೋಣ.

ವರ್ಷಕ್ಕೆ ಎರಡೇ ಸಲ ಬೇಕಾಗೋರು ಕೊಳ್ಳೋದೂ ಬೇಡ. ನನ್ನ ಶೆಡ್ಡಿಗೇ ನಟ್ಟು ತನ್ನಿ, ಕಾಸಿಕೊಡ್ತೀನಿ. ಮಟ್ಟೆ ರಾಶಿಯನ್ನ ಈಗ ಆಚೆಗೆ ಹಾಕಿದೀನಿ.