ಬೆಟ್ಟ ಯಾವುದು, ಹೆಸರು ಯಾರದು

ಭಾರತೀಯ ಸರ್ವೇಕ್ಷಣಾ ಇಲಾಖೆಯ ಕ್ಯಾಪ್ಟನ್ ಹೆನ್ರಿ ವುಡ್ 1903ರಲ್ಲಿ ಕಠ್ಮಂಡುವಿಗೆ ಹೋದದ್ದು ಒಂದು ಹಳೆಯ ತಕರಾರನ್ನು ಬಗೆಹರಿಸಲಿಕ್ಕೆ. ಅದಕ್ಕೆ ಅರ್ಧ ಶತಮಾನದಷ್ಟು ಹಿಂದೆ ಜರ್ಮನಿಯ ಹರ್ಮನ್ ಷ್ಲಾಗಿಂಟ್‌ವೈಟ್ ನೇಪಾಳದ ಕೌಲಿಯಾ ಎಂಬ ಗುಡ್ಡದ ಮೇಲೆ ನಿಂತು ಹಿಮದ ಸಾಲನ್ನು ನೋಡಿದ್ದ. ಅಲ್ಲಿಯ ಜನ ಗೌರೀಶಂಕರ ಎಂದು ಕರೆಯುತ್ತಿದ್ದ ಶಿಖರವೇ ಎವರೆಸ್ಟ್ ಎಂದು ಬರೆದ. ಯುರೋಪಿನ, ಅದರಲ್ಲೂ ಜರ್ಮನಿಯ ಭೂಪಟಗಳಲ್ಲಿ ಜಗತ್ತಿನ ಅತಿ ಎತ್ತರದ ಪರ್ವತಕ್ಕೆ ಆ ಹೆಸರು ದಶಕಗಳ ಕಾಲ ಉಳಿಯಿತು. ವುಡ್ ಕೋನಗಳನ್ನು ಅಳೆದು ನೋಡಿದಾಗ ತಿಳಿದದ್ದು, ಇವು ಒಂದಕ್ಕೊಂದು ಸುಮಾರು 58 ಕಿ.ಮೀ. ದೂರದಲ್ಲಿರುವ ಎರಡು ಬೇರೆ ಪರ್ವತಗಳೆಂದು. ಗೌರೀಶಂಕರದ ಎತ್ತರ 7,134 ಮೀಟರ್. ಎವರೆಸ್ಟಿಗಿಂತ 1,700 ಮೀಟರಿಗೂ ಹೆಚ್ಚು ತಗ್ಗು. ಹತ್ತಿರದ ಬೆಟ್ಟ ದೂರದ ದೊಡ್ಡ ಬೆಟ್ಟವನ್ನು ಕುಗ್ಗಿಸಿಬಿಡುವುದು ಪರ್ವತ ಸೀಮೆಯಲ್ಲಿ ದಿನನಿತ್ಯದ ಸಂಗತಿ. ಕಣ್ಣು ಅಲ್ಲಿ ಸುಲಭವಾಗಿ ಮೋಸಹೋಗುತ್ತದೆ.

ವುಡ್ ಒಂದು ಯಾತ್ರೆಯಲ್ಲಿ ಮಾಡಿದ ಕೆಲಸವನ್ನು ಇಂದು ಫೋನು ಕ್ಷಣಾರ್ಧದಲ್ಲಿ ಮಾಡುತ್ತದೆ. ಪೀಕ್‌ಫೈಂಡರ್, ಪೀಕ್‌ವೈಸರ್‌ನಂಥ ಆ್ಯಪ್‌ಗಳನ್ನು ತೆರೆದು ಕ್ಯಾಮೆರಾವನ್ನು ಬೆಟ್ಟಸಾಲಿಗೆ ಹಿಡಿದರೆ ಪ್ರತಿ ಶಿಖರದ ನೆತ್ತಿಯ ಮೇಲೂ ಒಂದು ಹೆಸರು ಮೂಡುತ್ತದೆ. ಹಾಗೆ ಮೂಡಿದ ಒಂದೊಂದು ಹೆಸರಿನೊಳಗೂ ಎರಡು ಹೇಳಿಕೆಗಳಿವೆ ಎಂಬುದನ್ನು ನಾವು ಗಮನಿಸುವುದಿಲ್ಲ. ಚಿತ್ರದಲ್ಲಿ ಕಾಣುವ ಈ ಉಬ್ಬು ಭೂಮಿಯ ಮೇಲಿನ ಇಂಥ ಜಾಗ ಎಂಬುದು ಮೊದಲನೆಯದು. ಆ ಜಾಗವನ್ನು ಜನ ಹೀಗೆ ಕರೆಯುತ್ತಾರೆ ಎಂಬುದು ಎರಡನೆಯದು. ಮೊದಲನೆಯದನ್ನು ಲೆಕ್ಕದಿಂದ ಸಾಧಿಸಬಹುದು. ಎರಡನೆಯದನ್ನು ಯಾರನ್ನಾದರೂ ಕೇಳಿಯೇ ತಿಳಿಯಬೇಕು. ಪರದೆಯ ಮೇಲೆ ಮಾತ್ರ ಎರಡೂ ಒಂದೇ ಅಕ್ಷರಗಳಲ್ಲಿ, ಒಂದೇ ಖಚಿತತೆಯ ಠೀವಿಯಲ್ಲಿ ಕಾಣಿಸಿಕೊಳ್ಳುತ್ತವೆ. ನನ್ನ ತಕರಾರು ಇರುವುದು ಅಲ್ಲಿ.

ಲೆಕ್ಕದ ಭಾಗ ನಿಜಕ್ಕೂ ಮೆಚ್ಚುವಂಥದ್ದು. 2000ದ ಫೆಬ್ರುವರಿಯಲ್ಲಿ ಎಂಡೆವರ್ ಎಂಬ ಬಾಹ್ಯಾಕಾಶ ನೌಕೆ 60 ಮೀಟರ್ ಉದ್ದದ ತೋಳನ್ನು ಹೊರಚಾಚಿ, 11 ದಿನಗಳ ಯಾನದಲ್ಲಿ, ಉತ್ತರದ 60 ಡಿಗ್ರಿಯಿಂದ ದಕ್ಷಿಣದ 56 ಡಿಗ್ರಿ ಅಕ್ಷಾಂಶದವರೆಗಿನ ನೆಲದ ಎತ್ತರವನ್ನು ರಾಡಾರ್‌ನಿಂದ ಅಳೆಯಿತು. ಆ ಅಳತೆಯಿಂದ ನೆಲವನ್ನು ಸುಮಾರು 30 ಮೀಟರಿನ ಚೌಕಗಳಾಗಿ ವಿಂಗಡಿಸಿ ಪ್ರತಿ ಚೌಕಕ್ಕೂ ಒಂದು ಎತ್ತರವನ್ನು ಕೊಡಲಾಯಿತು. ನಮ್ಮ ಇಸ್ರೋ ಕೂಡ ಕಾರ್ಟೊಸ್ಯಾಟ್-1ರ ಜೋಡಿ ಚಿತ್ರಗಳಿಂದ ಇಂಥದೇ ದತ್ತಾಂಶ ತಯಾರಿಸಿದೆ. ಕಡಿದಾದ ಇಳಿಜಾರುಗಳಲ್ಲಿ ರಾಡಾರ್‌ನ ಕಿರಣ ತಲುಪದೆ ಉಳಿದ ಖಾಲಿ ಜಾಗಗಳನ್ನು ಜೊನಾಥನ್ ಡಿ ಫೆರಾಂಟಿ ಎಂಬ ಆಸಕ್ತರು ಹಳೆಯ ಭೂಪಟಗಳನ್ನು ನೋಡಿ ನೋಡಿ ತುಂಬಿದರು. ಅದನ್ನು ಉಚಿತವಾಗಿ ಜಗತ್ತಿಗೆ ಕೊಟ್ಟರು. ಇಂಥವರ ಶ್ರಮದ ಮೇಲೆ ನಿಂತ ಆ್ಯಪ್‌ಗಳನ್ನು ಬಳಸುವಾಗ ಅವರನ್ನು ನೆನೆಯುವುದು ನ್ಯಾಯ.

ಈ ಎತ್ತರಗಳ ಚೌಕಜಾಲ ಕೈಯಲ್ಲಿದ್ದರೆ, ನೀವು ನಿಂತ ಜಾಗದಿಂದ ಸುತ್ತಲಿನ ದಿಗಂತ ಹೇಗೆ ಕಾಣಬೇಕು ಎಂದು ಗಣಕ ಗೆರೆ ಎಳೆಯಬಲ್ಲದು. ಅದರಲ್ಲಿ ಎರಡು ತಿದ್ದುಪಡಿಗಳು ಬೇಕು. ಭೂಮಿ ಗುಂಡಗಿರುವುದರಿಂದ ದೂರದ ಬೆಟ್ಟ ತಗ್ಗುತ್ತದೆ. ಗಾಳಿಯಲ್ಲಿ ಬೆಳಕು ಬಾಗುವುದರಿಂದ ತಗ್ಗಿದ್ದು ತುಸು ಮೇಲೇಳುತ್ತದೆ. ಎರಡನ್ನೂ ಸೇರಿಸಿದರೆ 100 ಕಿ.ಮೀ. ಆಚೆಗಿನ ಶಿಖರ ಸುಮಾರು 700 ಮೀಟರ್ ಕೆಳಗಿಳಿದಂತೆ ಕಾಣುತ್ತದೆ. ಇದೇ ಲೆಕ್ಕವನ್ನು ಹಿಂದೆ ಸರ್ವೇಕ್ಷಣಾ ಇಲಾಖೆಯ ರಾಧಾನಾಥ ಸಿಕ್ದಾರ್ ಮತ್ತು ಅವರ ಜೊತೆಯ ಗಣಕಕಾರರು ಕಾಗದ ಪೆನ್ಸಿಲಿನಲ್ಲಿ ಮಾಡಿದ್ದರು. ಬಯಲುಸೀಮೆಯ ಆರು ಠಾಣೆಗಳಿಂದ, 170 ಕಿ.ಮೀ.ಗೂ ಹೆಚ್ಚು ದೂರದಿಂದ ಅಳೆದ 'ಹದಿನೈದನೆಯ ಶಿಖರ'ದ, ಅಂದರೆ ಇಂದಿನ ಎವರೆಸ್ಟಿನ, ಎತ್ತರ 29,002 ಅಡಿ ಎಂದು 1856ರಲ್ಲಿ ಪ್ರಕಟವಾಯಿತು. ನೇಪಾಳ ಮತ್ತು ಚೀನಾ 2020ರಲ್ಲಿ ಜಂಟಿಯಾಗಿ ಘೋಷಿಸಿದ 8,848.86 ಮೀಟರಿಗೂ ಅದಕ್ಕೂ ಇರುವ ಅಂತರ ಒಂದು ಮೂರಂತಸ್ತಿನ ಮನೆಯ ಎತ್ತರವನ್ನು ಮೀರುವುದಿಲ್ಲ.

ಫೋನಿನ ದಿಕ್ಸೂಚಿಯನ್ನೇ ನಂಬಿ ಕೂತರೆ ಈ ಲೆಕ್ಕವೆಲ್ಲ ಹಾಳಾಗುತ್ತದೆ. ಹತ್ತಿರದಲ್ಲಿ ಕಬ್ಬಿಣವಿದ್ದರೂ ಸಾಕು, ಅದು ಕೆಲವು ಡಿಗ್ರಿ ಅತ್ತಿತ್ತ ಸರಿಯುತ್ತದೆ. 50 ಕಿ.ಮೀ. ದೂರದ ಬೆಟ್ಟದ ಮಟ್ಟಿಗೆ ಒಂದೇ ಒಂದು ಡಿಗ್ರಿ ತಪ್ಪಿದರೂ ಸುಮಾರು 870 ಮೀಟರ್ ಸರಿದಂತೆ. ಐದು ಡಿಗ್ರಿ ಎಂದರೆ ನಾಲ್ಕು ಕಿಲೋಮೀಟರಿಗೂ ಹೆಚ್ಚು. ಪಕ್ಕದ ಬೆಟ್ಟದ ಹೆಸರು ಈ ಬೆಟ್ಟದ ತಲೆಗೇರಲು ಅಷ್ಟು ಸಾಕು. ಅದಕ್ಕಾಗಿ ಚಿತ್ರದಲ್ಲಿರುವ ಆಕಾಶ ಮತ್ತು ಬೆಟ್ಟ ಕೂಡುವ ಗೆರೆಯನ್ನು, ಬೆಟ್ಟದ ಮೈಯ ಏಣುಗಳನ್ನು ಹೆಕ್ಕಿ ತೆಗೆದು, ಗಣಕ ಎಳೆದ ಗೆರೆಯ ಮೇಲೆ ಕೂರಿಸಿ ನೋಡುವ ವಿಧಾನ ಬಂತು. ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ಮತ್ತು ಅವರ ಸಂಗಡಿಗರು 2011ರಲ್ಲಿ ಇದನ್ನು ಮಾಡಿ ತೋರಿಸಿದರು. ಮರುವರ್ಷ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವರು ಇನ್ನೂ ಮುಂದೆ ಹೋದರು: ಎಲ್ಲಿ ತೆಗೆದದ್ದೆಂದೇ ಗೊತ್ತಿಲ್ಲದ ಚಿತ್ರದ ದಿಗಂತರೇಖೆಯೊಂದನ್ನೇ ಹಿಡಿದು, 40,000 ಚದರ ಕಿ.ಮೀ.ಗಳ ಸ್ವಿಟ್ಜರ್ಲೆಂಡಿನಲ್ಲಿ ಅದರ ಜಾಗವನ್ನು ಹುಡುಕಿದರು.

ಈ ವಿಧಾನದ ದೊಡ್ಡ ಗುಣ ಅದರ ವೇಗಕ್ಕಿಂತ ಹೆಚ್ಚಾಗಿ ಅದು ಕಾರಣ ಕೊಡುತ್ತದೆ ಎಂಬುದರಲ್ಲಿದೆ. ಗೆರೆಯ ಮೇಲೆ ಗೆರೆ ಕೂತಿದೆಯೇ ಇಲ್ಲವೇ ಎಂದು ಯಾರು ಬೇಕಾದರೂ ಕಣ್ಣಾರೆ ಪರೀಕ್ಷಿಸಬಹುದು. ಈಗ ಬಳಕೆಗೆ ಬಂದಿರುವ ಇನ್ನೊಂದು ಬಗೆಗೆ ಈ ಗುಣವಿಲ್ಲ. ಅಪಾರ ಚಿತ್ರಗಳನ್ನು ನೋಡಿ ಕಲಿತ ಕೃತಕ ಬುದ್ಧಿಮತ್ತೆಗೆ ಒಂದು ಫೋಟೋ ಕೊಟ್ಟು ಇದು ಯಾವ ಬೆಟ್ಟ ಎಂದು ಕೇಳಿದರೆ, ಅದು ಹೋಲಿಕೆಯಿಂದ ಉತ್ತರಿಸುತ್ತದೆ. ಫ್ಯೂಜಿಯನ್ನೋ ಮ್ಯಾಟರ್‌ಹಾರ್ನನ್ನೋ ಸರಿಯಾಗಿ ಹೇಳೀತು. ಅವುಗಳ ಚಿತ್ರಗಳು ಲೆಕ್ಕವಿಲ್ಲದಷ್ಟಿವೆ. ಯಾರೂ ಹೆಚ್ಚು ಚಿತ್ರ ತೆಗೆಯದ ಬೆಟ್ಟಕ್ಕೆ, ಅದನ್ನು ಹೋಲುವ ಪ್ರಸಿದ್ಧ ಬೆಟ್ಟದ ಹೆಸರು ಅಂಟಿಕೊಳ್ಳುವ ಅಪಾಯ ಅಲ್ಲಿ ಸದಾ ಇದೆ. ಕೌಲಿಯಾದಲ್ಲಿ ಆದದ್ದೂ ಅಂಥದೇ ಫಲ: ಎದ್ದು ಕಂಡ ಶಿಖರಕ್ಕೆ ದೊಡ್ಡ ಹೆಸರು ಹೋಯಿತು. ಬೆಟ್ಟದಲ್ಲಿ ದಾರಿ ತಪ್ಪಿದವರು ನಂಬಬೇಕಾದದ್ದು ಗೆರೆ ಕೂರಿಸುವ ಯಂತ್ರವನ್ನು ಎಂಬ ಬಗ್ಗೆ ನನಗೆ ಅನುಮಾನವಿಲ್ಲ.

ಹೆಸರು ಹೇಳುವ ಯಂತ್ರ ನಮ್ಮ ನೋಟವನ್ನು ಸೋಮಾರಿ ಮಾಡುತ್ತದೆ ಎನ್ನುವವರಿದ್ದಾರೆ. ಅವರ ಕಾಳಜಿ ಅರ್ಥವಾಗುತ್ತದಾದರೂ ಒಪ್ಪಲಾರೆ. 1776ರಲ್ಲಿ ವಿಜ್ಞಾನಿ ಒರಾಸ್-ಬೆನೆಡಿಕ್ಟ್ ದ ಸೊಸ್ಯೂರ್ ಆಲ್ಪ್ಸ್‌ನ ಬ್ಯುಯೆ ಶಿಖರದಿಂದ ಸುತ್ತಲಿನ ಪರ್ವತಗಳನ್ನು ಒಂದೇ ವೃತ್ತಾಕಾರದ ಚಿತ್ರದಲ್ಲಿ ಕಾಣಿಸಿದಂದಿನಿಂದಲೂ ಮನುಷ್ಯ ಈ ಸಹಾಯವನ್ನು ಬಯಸಿದ್ದಾನೆ. ಹಿಮಾಲಯದ ನೋಟದ ತಾಣಗಳಲ್ಲಿ ತ್ರಿಶೂಲ್, ನಂದಾದೇವಿ, ಪಂಚಚೂಲಿಗಳನ್ನು ತೋರಿಸುವ ಫಲಕದ ಮುಂದೆ ನಿಂತ ಕುಟುಂಬವೊಂದನ್ನು ಗಮನಿಸಿ. ಹೆಸರು ತಿಳಿಯುವ ಮೊದಲು ಅದು ಬರೀ ಬಿಳಿಯ ಗೋಡೆ. ತಿಳಿದ ಮೇಲೆ ಮಕ್ಕಳು ಒಂದೊಂದನ್ನೇ ಬೆರಳು ಮಾಡಿ ತೋರಿಸುತ್ತಾರೆ, ಇದಕ್ಕಿಂತ ಅದು ಮೊನಚು, ಅದರ ಭುಜ ಬಾಗಿದೆ ಎಂದು ವಾದ ಮಾಡುತ್ತಾರೆ. ಹೆಸರು ನೋಟಕ್ಕೆ ಹಿಡಿ ಕೊಡುತ್ತದೆ. ಉಪಯೋಗದ ಮಾತೂ ಇದೆ. ಮಿಲಾನಿನ ಪಾಲಿಟೆಕ್ನಿಕ್‌ನ ಸಂಶೋಧಕರು ಪ್ರವಾಸಿಗರು ಹಂಚಿಕೊಂಡ ಚಿತ್ರಗಳಲ್ಲೂ ವೆಬ್‌ಕ್ಯಾಮ್ ಚಿತ್ರಗಳಲ್ಲೂ ಶಿಖರಗಳನ್ನು ಗುರುತಿಸಿ, ಅವುಗಳ ಮೇಲೆ ಹಿಮ ಎಷ್ಟಿದೆ ಎಂದು ಅಂದಾಜಿಸಿ, ಕೋಮೋ ಸರೋವರದ ನೀರಿನ ನಿರ್ವಹಣೆಗೆ ಆ ಮಾಹಿತಿ ಹೇಗೆ ನೆರವಾಗಬಲ್ಲದು ಎಂದು ತೋರಿಸಿದ್ದಾರೆ.

ಇನ್ನು ಎರಡನೆಯ ಹೇಳಿಕೆ. ಇಲ್ಲಿ ಉಪಗ್ರಹಕ್ಕೆ ಏನೂ ಕಾಣುವುದಿಲ್ಲ.

ಎವರೆಸ್ಟನ್ನು ಅಷ್ಟು ನಿಖರವಾಗಿ ಅಳೆಸಿದ ಸರ್ವೇಯರ್ ಜನರಲ್ ಆ್ಯಂಡ್ರೂ ವಾ ಅದಕ್ಕೆ ಸ್ಥಳೀಯ ಹೆಸರು ಯಾವುದೂ ತನಗೆ ಸಿಗಲಿಲ್ಲ ಎಂದು ಹೇಳಿ, ಹಿಂದಿನ ಸರ್ವೇಯರ್ ಜನರಲ್ ಹೆಸರನ್ನೇ ಇಟ್ಟ. ಸ್ವತಃ ಜಾರ್ಜ್ ಎವರೆಸ್ಟ್ ಇದಕ್ಕೆ ಒಪ್ಪಿರಲಿಲ್ಲ. ಟಿಬೆಟಿನವರ ಚೊಮೊಲುಂಗ್ಮಾ ಎಂಬ ಹೆಸರು ಅದಕ್ಕೂ 120 ವರ್ಷಕ್ಕೂ ಹಿಂದೆಯೇ, 1733ರಲ್ಲಿ, ಫ್ರಾನ್ಸಿನ ಡಾನ್‌ವಿಲ್ ಮಾಡಿದ ಭೂಪಟದಲ್ಲಿ ಅಚ್ಚಾಗಿತ್ತು. ನೇಪಾಳ, ಟಿಬೆಟ್ ಎರಡೂ ಸರ್ವೇಯರುಗಳಿಗೆ ಬಾಗಿಲು ಹಾಕಿದ್ದವು. 170 ಕಿ.ಮೀ. ದೂರದಿಂದ ಎತ್ತರ ಓದಬಲ್ಲ ಥಿಯೊಡೊಲೈಟ್ ಹೆಸರನ್ನು ಓದಲಾರದು. ಕಾರಕೋರಂನಲ್ಲಿ ಸರ್ವೇಯರ್ ಮಾಂಟ್‌ಗಮರಿ 1856ರಲ್ಲಿ ದೂರದಿಂದ ಕಂಡ ಎರಡು ಶಿಖರಗಳಿಗೆ ಕೆ1, ಕೆ2 ಎಂದು ಗುರುತು ಹಾಕಿಕೊಂಡ. ಕೆ1ಕ್ಕೆ ಮಾಷರ್‌ಬ್ರಮ್ ಎಂಬ ಸ್ಥಳೀಯ ಹೆಸರು ದೊರೆಯಿತು. ಕೆ2 ಇವತ್ತಿಗೂ ಅಳತೆಗಾರನ ಟಿಪ್ಪಣಿಯ ಗುರುತಿನಲ್ಲೇ ಉಳಿದಿದೆ.

ಕೇಳಲಿಕ್ಕೆ ಹೋದರೂ ಒಂದೇ ಉತ್ತರ ಸಿಗುತ್ತದೆಂದು ಎಣಿಸಬಾರದು. ಹೆಸರು ಬಹಳ ಸಲ ಒಂದು ದಿಕ್ಕಿನಿಂದ ಹುಟ್ಟಿದ್ದು. ಇಟಲಿಯ ಡೊಲೊಮೈಟ್ಸ್‌ನಲ್ಲಿ ಸೆಕ್ಸ್‌ಟನ್ ಎಂಬ ಹಳ್ಳಿಯಿದೆ. ಅದರ ಸುತ್ತಲ ಐದು ಶಿಖರಗಳ ಹೆಸರು ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು ಮತ್ತು ಒಂದು. ಹಳ್ಳಿಯಿಂದ ನೋಡಿದರೆ ಆಯಾ ಗಂಟೆಗೆ ಸೂರ್ಯ ಆಯಾ ಶಿಖರದ ಮೇಲೆ ನಿಲ್ಲುತ್ತಾನೆ. ಬೆಟ್ಟದ ಆಚೆ ಮಗ್ಗುಲಲ್ಲಿ ನಿಂತವರ ಪಾಲಿಗೆ ಆ ಗಡಿಯಾರ ನಡೆಯುವುದೇ ಇಲ್ಲ. ಸ್ವಿಸ್ಸರ ಮ್ಯಾಟರ್‌ಹಾರ್ನ್ ಇಟಲಿಯವರಿಗೆ ಚೆರ್ವಿನೊ; ಎರಡು ಕಡೆಯಿಂದ ಕಾಣುವ ಆಕಾರವೂ ಬೇರೆ. ನಮ್ಮ ಕುದುರೆಮುಖ ಕೂಡ ಒಂದು ಮಗ್ಗುಲಿನಿಂದ ನೋಡಿದಾಗ ಮಾತ್ರ ಕುದುರೆಯ ಮುಖ. ಸಂಸೆ ಎಂಬ ಊರಿನ ಕಡೆಯಿಂದ ಅದನ್ನು ಹತ್ತುತ್ತಿದ್ದವರು ಸಂಸೆಪರ್ವತ ಎಂದೇ ಕರೆಯುತ್ತಿದ್ದರು. ಇವುಗಳಲ್ಲಿ ಒಂದು ಸರಿ, ಇನ್ನೊಂದು ತಪ್ಪು ಎಂದು ಹೇಳಲು ಯಾವ ಲೆಕ್ಕವೂ ಇಲ್ಲ. ಅಲಾಸ್ಕದ ಡೆನಾಲಿಯನ್ನು 1917ರಲ್ಲಿ ಮೆಕಿನ್ಲಿ ಎಂದದ್ದು, 2015ರಲ್ಲಿ ಡೆನಾಲಿ ಎಂದದ್ದು, 2025ರಲ್ಲಿ ಮತ್ತೆ ಮೆಕಿನ್ಲಿ ಎಂದದ್ದು ನೋಡಿದರೆ ಹೆಸರಿನ ಮೇಲೆ ಅಧಿಕಾರಕ್ಕೆ ಎಷ್ಟು ಆಸೆ ಎಂಬುದೂ ತಿಳಿಯುತ್ತದೆ.

ಆ್ಯಪ್‌ಗಳಿಗೆ ಹೆಸರುಗಳು ಬರುವ ಒಂದು ಮುಖ್ಯ ಮೂಲ ಓಪನ್‌ಸ್ಟ್ರೀಟ್‌ಮ್ಯಾಪ್. ಜನರೇ ಕೂಡಿ ಕಟ್ಟುವ ಭೂಪಟ ಅದು. ಯುರೋಪಿನ ಪರ್ವತಾರೋಹಿಗಳು ಆಲ್ಪ್ಸ್‌ನ ಸಣ್ಣ ಕೋಡುಗಲ್ಲನ್ನೂ ಬಿಡದೆ ಅದರಲ್ಲಿ ಸೇರಿಸಿದ್ದಾರೆ. ಪಶ್ಚಿಮಘಟ್ಟದಲ್ಲಿ ಮುಳ್ಳಯ್ಯನಗಿರಿ, ಕುಮಾರಪರ್ವತ, ತಡಿಯಂಡಮೋಳುಗಳಂಥ ಚಾರಣಿಗರ ಬೆಟ್ಟಗಳನ್ನು ಬಿಟ್ಟರೆ ಎಷ್ಟೋ ನೆತ್ತಿಗಳು ಹೆಸರಿಲ್ಲದೆ ನಿಂತಿವೆ. ಲೆಕ್ಕದ ಕಡೆಯಿಂದಲೂ ನಮ್ಮ ಬೆಟ್ಟಗಳು ಕಷ್ಟದವೇ: ಹುಲ್ಲುಹೊದ್ದ ದುಂಡು ತಲೆಗಳು ಒಂದನ್ನೊಂದು ಹೋಲುತ್ತವೆ, ರಾಡಾರ್ ಕೆಲವೆಡೆ ನೆಲದ ಬದಲು ಮರಗಳ ನೆತ್ತಿಯನ್ನು ಅಳೆದಿರುತ್ತದೆ, ಮಳೆಗಾಲದ ತಿಂಗಳುಗಳಲ್ಲಿ ದಿಗಂತರೇಖೆಯೇ ಇರುವುದಿಲ್ಲ. ಇವನ್ನೆಲ್ಲ ಉತ್ತಮ ದತ್ತಾಂಶ ಇಂದಲ್ಲ ನಾಳೆ ಸರಿಪಡಿಸುತ್ತದೆ. ಹೆಸರಿನ ಕೊರತೆ ತಾನಾಗಿ ಸರಿಹೋಗುವುದಿಲ್ಲ. ಆ ಗುಡ್ಡಗಳಿಗೆ ಹೆಸರಿಲ್ಲದೆ ಇಲ್ಲ. ದನ ಅಟ್ಟಿಕೊಂಡು ಹೋಗುತ್ತಿದ್ದವರಿಗೆ, ಜೇನು ಕೀಳುವವರಿಗೆ, ಅರಣ್ಯ ಇಲಾಖೆಯ ಹಳೆಯ ವಾಚರುಗಳಿಗೆ ಅವು ಗೊತ್ತು. ಅವರ ಮಕ್ಕಳು ಬೆಂಗಳೂರಿಗೋ ಮಂಗಳೂರಿಗೋ ಹೋಗಿದ್ದಾರೆ; ದನ ಮೇಯಿಸುವುದು ನಿಂತಿದೆ. ಬಳಸುವ ಕೆಲಸ ನಿಂತಾಗ ಹೆಸರೂ ನಿಲ್ಲುತ್ತದೆ.

ಈ ಹೆಸರುಗಳನ್ನು ಉಳಿಸಿಕೊಳ್ಳಲು ದೊಡ್ಡ ಯೋಜನೆಯೇನೂ ಬೇಡ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದು ಶಿಖರಕ್ಕೆ ಕನ್ನಡದ ಹೆಸರನ್ನು ಕನ್ನಡ ಅಕ್ಷರದಲ್ಲೇ ಬೇರೆಯಾಗಿ ಬರೆಯಲು ಅವಕಾಶವಿದೆ, ಪರ್ಯಾಯ ಹೆಸರುಗಳಿಗೂ ಜಾಗವಿದೆ. ಮಲೆನಾಡಿನ ಒಂದು ಕಾಲೇಜಿನ ವಿದ್ಯಾರ್ಥಿಗಳು ತಮ್ಮ ತಾಲ್ಲೂಕಿನ ದಿಗಂತದ ಚಿತ್ರ ತೆಗೆದು, ಗಣಕ ಎಳೆದ ಗೆರೆಯನ್ನು ಅದರ ಮೇಲೆ ಕೂರಿಸಿ ಮುದ್ರಿಸಿಕೊಂಡು, ಊರಿನ ಹಿರಿಯರ ಮುಂದೆ ಹರಡಿ ಒಂದೊಂದು ಉಬ್ಬನ್ನೂ ಕೇಳಿಕೊಂಡು ಬರಬಹುದು. ಯಾರು ಹೇಳಿದರು ಎಂಬುದು ಬೇಡ; ಯಾವ ಊರಿನಲ್ಲಿ, ಯಾವ ವರ್ಷ ಹೇಳಿದ್ದು ಎಂಬುದನ್ನು ಹೆಸರಿನ ಜೊತೆ ದಾಖಲಿಸಲೇಬೇಕು. ಎರಡು ಊರಿನವರು ಎರಡು ಹೆಸರು ಹೇಳಿದರೆ ಎರಡನ್ನೂ ಬರೆದುಕೊಳ್ಳಬೇಕು. ಆ್ಯಪ್ ಮಾಡುವವರ ಪಾಲಿಗೆ ಉಳಿಯುವ ಕೆಲಸ ಇನ್ನೂ ಸಣ್ಣದು. ನೋಡುವವರು ಎಲ್ಲಿ ನಿಂತಿದ್ದಾರೆ ಎಂಬುದು ಆ್ಯಪ್‌ಗೆ ಗೊತ್ತೇ ಇರುತ್ತದೆ. ಸಂಸೆಯ ಮಗ್ಗುಲಲ್ಲಿ ನಿಂತವರಿಗೆ ಸಂಸೆಯವರು ಕೊಟ್ಟ ಹೆಸರನ್ನು ಮೊದಲು ತೋರಿಸಿ, ಕುದುರೆಮುಖವನ್ನು ಅದರ ಕೆಳಗೆ ಬರೆಯಲು ಯಾವ ತಾಂತ್ರಿಕ ಅಡ್ಡಿಯೂ ಇಲ್ಲ.